ಮಳೆಯನ್ನು ಮಲೆ ಮಾಡಬೇಡಿ: ಕನ್ನಡ ಪಾಪ್ ಗಾಯಕರಿಗೆ ಮಲೆನಾಡಿನ ಕೇಳುಗರ ಬಹಿರಂಗ ಪತ್ರ

ಗೆ,
ಕನ್ನಡದಲ್ಲಿ ಪಾಪ್ ಆಲ್ಬಮ್ ಮಾಡುತ್ತಿರುವ ಗಾಯಕ ಗಾಯಕಿಯರು, ಅವರ ಸೌಂಡ್ ಎಂಜಿನಿಯರುಗಳು ಹಾಗೂ ಆಡಿಯೊ ಕಂಪನಿಯವರಿಗೆ

ವಿಷಯ: ಹೊಸ ಆಲ್ಬಮ್‌ಗಳಲ್ಲಿ ಮಾತು ಕೇಳಿಸದಿರುವ ಬಗ್ಗೆ

ಮಾನ್ಯರೇ,

ನಿಮ್ಮ ಆಲ್ಬಮ್ಮನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ನಡುವೆ ಒಂದನ್ನೂ ಹಾರಿಸದೆ ಕೇಳುವವರು ಯಾರು ಗೊತ್ತೇ? ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತಗಡಿನ ಚಪ್ಪರದಡಿ ಅಡಿಕೆ ಸುಲಿಯಲು ಕೂತವರು. ಎದುರಿಗೆ ಮೆಟ್ಟುಗತ್ತಿ, ಪಕ್ಕದಲ್ಲಿ ಹಸಿ ಅಡಿಕೆಯ ರಾಶಿ, ಬೆರಳಿಗೆಲ್ಲ ಸಿಪ್ಪೆಯ ಕರೆ. ಆ ಕೈಯಲ್ಲಿ ಫೋನ್ ಮುಟ್ಟಿ ‘ನೆಕ್ಸ್ಟ್’ ಒತ್ತುವವರಿಲ್ಲ. ಕಂಬಕ್ಕೆ ನೇತುಹಾಕಿದ ಬ್ಲೂಟೂತ್ ಸ್ಪೀಕರ್ ಏನು ಹಾಡುತ್ತದೋ ಅದನ್ನು ರಾತ್ರಿ ಕೆಲಸ ಮುಗಿಯುವವರೆಗೂ ಕೇಳುವುದೇ. ಊರಲ್ಲೆಲ್ಲ ಮೂರನೆಯ ಹಾಡಿಗೇ ಜನ ಎದ್ದು ಹೋಗುವ ಈ ಕಾಲದಲ್ಲಿ ಇಲ್ಲಿ ಹನ್ನೊಂದನೆಯ ಹಾಡಿಗೂ ಕಿವಿ ಇರುತ್ತದೆ.

ಇಂಥ ಕಿವಿಗಳದ್ದು ಒಂದೇ ದೂರು. ಹಾಡು ಅರ್ಧ ಆಗುವಷ್ಟರಲ್ಲಿ ಯಾರಾದರೊಬ್ಬರು ತಲೆ ಎತ್ತಿ ‘ಎಂತ ಅಂದ ಅವ?’ ಅನ್ನುತ್ತಾರೆ. ಪಕ್ಕದವರಿಗೂ ಗೊತ್ತಾಗಿರುವುದಿಲ್ಲ. ರಾಗ ಚೆನ್ನಾಗಿದೆ, ಬೀಟು ಚೆನ್ನಾಗಿದೆ, ಗಿಟಾರ್ ನುಡಿಸಿದವರ ಕೈಯೂ ಪಳಗಿದ್ದೇ. ಮಾತು ಮಾತ್ರ ಚಪ್ಪರದವರೆಗೆ ಬರುವುದಿಲ್ಲ. ದೋಷ ಇರುವುದು ಎರಡು ಕಡೆ, ಮೈಕಿನ ಮುಂದೆ ಮತ್ತು ಮಿಕ್ಸಿಂಗ್ ಮೇಜಿನ ಮೇಲೆ. ಎರಡೂ ತಿದ್ದಲು ಬರುವಂಥವು, ಹಾಗಾಗಿ ಈ ಪತ್ರ.

ಮೊದಲು ಮೈಕಿನ ಮುಂದೆ. ಹಾಡುವವರ ಎದುರಿನ ಸ್ಟ್ಯಾಂಡಿನಲ್ಲಿ ಕನ್ನಡದ ಸಾಲು ಇಂಗ್ಲಿಷ್ ಲಿಪಿಯಲ್ಲಿದ್ದರೆ ಅರ್ಧ ಹಾಡು ಅಲ್ಲೇ ಹೋಯಿತು. ಆ ಲಿಪಿಗೆ ಲ-ಳ ಒಂದೇ, ನ-ಣ ಒಂದೇ, ಅ-ಆ ಕೂಡ ಒಂದೇ. ಹಳ್ಳಿ ಹಲ್ಲಿಯಾಗುತ್ತದೆ, ಬಳೆ ಬಲೆಯಾಗುತ್ತದೆ, ಮಳೆಯಲ್ಲಿ ನೆನೆದ ಹುಡುಗಿ ಮಲೆಯಲ್ಲಿ ನೆನೆಯುತ್ತಾಳೆ. ಮಲೆನಾಡಿನ ಮಟ್ಟಿಗೆ ಎರಡೂ ಸರಿಯೇ ಅಲ್ಲವೇ ಎಂದು ನಗುವವರಿದ್ದಾರೆ, ಆ ಮಾತು ಬೇರೆ. ಕನ್ನಡ ಓದಲು ಬಾರದವರು ಹಾಡಬಾರದು ಎಂದು ನಾವು ಹೇಳುತ್ತಿಲ್ಲ. ಹಿಂದಿ, ಮರಾಠಿ ಬಲ್ಲವರಿಗೆ ದೇವನಾಗರಿಯಲ್ಲಿ ಬರೆದುಕೊಡಿ. ಅದರಲ್ಲಿ ಣ ಇದೆ, ಮರಾಠಿಯ ಳ ಇದೆ, ದೀರ್ಘವಿದೆ. ಹ್ರಸ್ವ ಎ ಮತ್ತು ಒ ಮಾತ್ರ ಇಲ್ಲ. ಅಂಥ ಅಕ್ಷರದ ಮೇಲೆ ಕೆಂಪು ಶಾಯಿಯಲ್ಲಿ ಒಂದು ಗೀಟು ಹಾಕಿ. ಹಾಕದಿದ್ದರೆ ಹೊಲದ ಬೆಳೆ ಸಾರಿನ ಬೇಳೆಯಾಗುತ್ತದೆ. ತಮಿಳು ಲಿಪಿಯಲ್ಲಿ ಬರೆದುಕೊಟ್ಟರೆ ಕ-ಗ, ತ-ದ ಬೇರೆ ಮಾಡಿ ಗುರುತು ಹಾಕಬೇಕು. ಮಲಯಾಳ, ತೆಲುಗು ಲಿಪಿಗಳಲ್ಲಿ ಈ ತೊಂದರೆಗಳು ಯಾವುದೂ ಇಲ್ಲ.

ಇದಕ್ಕಿಂತ ಹೆಚ್ಚು ಚುಚ್ಚುವುದು ಒತ್ತಕ್ಷರ. ‘ಹಕ್ಕಿ’ ಎಂಬ ಪದವನ್ನೇ ನೋಡಿ. ಒತ್ತಿನ ಹಿಂದಿನ ಅಕ್ಷರ ಗುರು, ಅದಕ್ಕೆ ಎರಡು ಮಾತ್ರೆ ಎಂದು ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದವರಿಗೆಲ್ಲ ಗೊತ್ತು. ಆದರೆ ಆ ಎರಡನೆಯ ಮಾತ್ರೆ ಸಲ್ಲಬೇಕಾದ್ದು ನಾಲಿಗೆ ಹಿಂದಕ್ಕೆ ಅಂಟಿಕೊಂಡು ಉಸಿರು ತಡೆದ ಆ ಗಳಿಗೆಗೆ. ಹ ಗಿಡ್ಡವಾಗಿಯೇ ಇರಬೇಕು. ರಾಗ ಕಟ್ಟಿದವರು ಆ ತಡೆಗೆ ಜಾಗ ಬಿಟ್ಟಿರುವುದಿಲ್ಲ, ಗಾಯಕರು ಸ್ವರ ಹಿಡಿಯಲು ಹ ಎಳೆಯುತ್ತಾರೆ, ಹಕ್ಕಿ ಹಾರಿಹೋಗಿ ‘ಹಾಕಿ’ ಉಳಿಯುತ್ತದೆ. ಕಣ್ಣು ‘ಕಾಣು’ ಆಗುತ್ತದೆ. ಮಲ್ಲಿಗೆ ಸೀದಾ ಮಾಲಿಗೆ ಹೋಗುತ್ತದೆ. ಒತ್ತಿಲ್ಲದ ಕಡೆಯೂ ಇದೇ ಕಾಟ: ಪದದ ಮೊದಲ ಹ್ರಸ್ವ ಎಳೆದರೆ ಮನ ಮಾನವಾಗಿ, ಪ್ರೇಮಗೀತೆ ಮರ್ಯಾದೆಯ ಪ್ರಶ್ನೆಯಾಗುತ್ತದೆ.

ಮದ್ದು ರಾಗ ಕಟ್ಟುವಾಗಲೇ ಆಗಬೇಕು. ಉದ್ದನೆಯ ಸ್ವರ ಬಂದಲ್ಲೆಲ್ಲ ಅದರ ಕೆಳಗೆ ಆ, ಈ, ಊ, ಏ, ಓ ಇರುವ ಅಕ್ಷರ ಬರುವಂತೆ ಕೂರಿಸಿ. ಸಾಲಿನ ಕೊನೆಯ ಹ್ರಸ್ವ ಎಳೆದರೆ ಪರವಾಗಿಲ್ಲ, ಅದು ನಮ್ಮ ಕಿವಿಗೆ ರೂಢಿ. ಒತ್ತಕ್ಷರ ಇರುವಲ್ಲಿ ಸ್ವರವನ್ನು ಅರ್ಧಕ್ಕೇ ಕತ್ತರಿಸಿ ಮುಂದಿನದಕ್ಕೆ ಹಾರಿ. ತಾಳಕ್ಕೂ ಅದರಿಂದ ಒಂದು ಕುಲುಕು ಬರುತ್ತದೆ. ರೆಕಾರ್ಡಿಂಗಿಗೆ ಮುಂಚೆ ಒಬ್ಬರು ತಾಳ ಎಣಿಸುವ ಮೆಟ್ರೊನೋಮ್ ಹಾಕಿಕೊಂಡು ಸಾಹಿತ್ಯವನ್ನು ರಾಗವಿಲ್ಲದೆ, ಮಾತಾಡಿದ ಹಾಗೆ ಓದಲಿ. ಎಲ್ಲಿ ನಾಲಿಗೆ ತೊಡರುತ್ತದೋ ಅಲ್ಲಿ ರಾಗ ಬದಲಾಗಬೇಕು, ಇಲ್ಲವೇ ಪದ ಬದಲಾಗಬೇಕು. ಇದಕ್ಕೆ ಒಂದು ಹಾಡಿಗೆ ಅರ್ಧ ಗಂಟೆ ಸಾಕು.

ಆಟೊಟ್ಯೂನ್ ಬಗ್ಗೆ ಎರಡು ಮಾತು. 1997ರಲ್ಲಿ ಬಂದ, ಅಪಸ್ವರ ತಿದ್ದುವ ಸಾಫ್ಟ್‌ವೇರ್ ಅದು, ಈಗ ಕೊತ್ತಂಬರಿ ಸೊಪ್ಪಿನ ಹಾಗೆ ಎಲ್ಲದಕ್ಕೂ ಉದುರಿಸುತ್ತಾರೆ. ಸ್ವರವನ್ನು ಎಷ್ಟು ಬೇಗ ತಿದ್ದಬೇಕೆಂಬ ರಿಟ್ಯೂನ್ ಸ್ಪೀಡನ್ನು ಸೊನ್ನೆಗೆ, ಅಂದರೆ ತಕ್ಷಣಕ್ಕೆ, ಇಟ್ಟು ರೋಬಾಟಿನ ಹಾಗೆ ಹಾಡಿಸುವುದು ಒಂದು ಶೈಲಿ, ಅದಕ್ಕೆ ತಕರಾರಿಲ್ಲ. ಅದೇ ಸೆಟ್ಟಿಂಗನ್ನು ಜಾನಪದ ಧಾಟಿಯ ಹಾಡಿಗೂ ಹಾಕಿದರೆ ಸ್ವರದಿಂದ ಸ್ವರಕ್ಕೆ ಜಾರುವ ದಾರಿಯೆಲ್ಲ ಸವೆದು ಮೆಟ್ಟಿಲಾಗುತ್ತದೆ. ಸ್ಪೀಡನ್ನು 30ರಿಂದ 50ರ ನಡುವೆ ಇಡಿ, ಹನ್ನೆರಡೂ ಸ್ವರ ಬಿಟ್ಟು ಆ ರಾಗದ ಸ್ವರಗಳನ್ನಷ್ಟೇ ಆಯ್ದುಕೊಡಿ. ಇನ್ನೂ ಒಳ್ಳೆಯದೆಂದರೆ ಅಪಸ್ವರವಾದ ಅಕ್ಷರವನ್ನಷ್ಟೇ ಹುಡುಕಿ ಕೈಯಿಂದ ತಿದ್ದುವುದು.

ಈ ಶಿವಮೊಗ್ಗ ಜಿಲ್ಲೆಯವರ ಕಿವಿಗೆ ಕೊಂಚ ಅಹಂಕಾರವಿದೆ, ಒಪ್ಪಿಕೊಳ್ಳುತ್ತೇವೆ. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣನವರು ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರ ಪ್ರಶಸ್ತಿ ಪಡೆದವರು. ದನಿ ಎಷ್ಟು ಮೇಲಕ್ಕೆ ಹೋದರೂ ಅವರ ಒತ್ತಕ್ಷರ ಒಡೆಯುತ್ತಿರಲಿಲ್ಲ. ನಿಸಾರ್ ಅಹಮದರ ಪದ್ಯಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟು ಬಂದದ್ದು 1978ರಲ್ಲಿ. ಟೇಪಿನ ಸುಯ್‌ಗುಡುವಿಕೆ ದಾಟಿಕೊಂಡು, ಸವೆದ ಹೆಡ್ಡಿನ ಪ್ಲೇಯರಿನಲ್ಲೂ ಅದರ ಪದಗಳು ಬಿಡಿಬಿಡಿಯಾಗಿ ಕೇಳುತ್ತಿದ್ದವು. ಆಗ ಯಂತ್ರ ಬಡವಾಗಿತ್ತು. ಈಗ ಯಂತ್ರಕ್ಕೇನು ಕೊರತೆ, ಮಾರಾಯ್ರೆ?

ಇನ್ನು ಮಿಕ್ಸಿಂಗ್. ಆಗುಂಬೆಯ ಸರಾಸರಿ ಮಳೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು. ಅದು ತಗಡಿನ ಮಾಡಿನ ಮೇಲೆ ಬೀಳುವಾಗ ಹುಟ್ಟುವ ಸದ್ದು ಕೆಳಗಿನಿಂದ ಮೇಲಿನವರೆಗೆ ಎಲ್ಲ ಆವರ್ತನಗಳನ್ನೂ ಒಮ್ಮೆಗೇ ತುಂಬುತ್ತದೆ. ಅದರಲ್ಲಿ ಮೊದಲು ಮುಳುಗುವುದು ವ್ಯಂಜನ. ಸ್ವರಾಕ್ಷರಗಳ ಬಲ ಹೆಚ್ಚಾಗಿ 300ರಿಂದ 1000 ಹರ್ಟ್ಸ್ ಸುತ್ತ ಇರುತ್ತದೆ, ಅವು ಹೇಗೋ ತೇಲುತ್ತವೆ. ಕ, ಟ, ತ, ಚ, ಸ ಇವುಗಳ ಹೊಡೆತ 2000 ಹರ್ಟ್ಸ್‌ನಿಂದ ಮೇಲೆ, ಅದೂ ಕಣ್ಣು ಮಿಟುಕಿಸುವಷ್ಟು ಹೊತ್ತು. ಅದು ಹೋದರೆ ಕನ್ನಡಕ್ಕೆ ಆಗುವ ನಷ್ಟ ದೊಡ್ಡದು, ಏಕೆಂದರೆ ನಮ್ಮ ಪ್ರಾಸ ನಿಂತಿರುವುದೇ ಎರಡನೆಯ ಅಕ್ಷರದ ಮೇಲೆ. ಕಾಡು, ಹಾಡು, ನಾಡು, ಪಾಡು, ಮಾಡು ಎಂದು ಸಾಲಾಗಿ ಪ್ರಾಸ ಕಟ್ಟಿದ ಹಾಡಿನಲ್ಲಿ ಮೊದಲ ವ್ಯಂಜನ ಅಳಿಸಿದರೆ ಚಪ್ಪರದಲ್ಲಿ ಕೇಳಿಸುವುದು ‘ಆಡು, ಆಡು, ಆಡು’. ಕವಿ ಪಟ್ಟ ಪಾಡೆಲ್ಲ ಮೇಕೆಯ ಪಾಲು.

ಮಳೆ ನಿಲ್ಲಿಸಿ ಎಂದು ನಿಮ್ಮನ್ನು ಕೇಳುತ್ತಿಲ್ಲ. 2000ರಿಂದ 5000 ಹರ್ಟ್ಸ್ ನಡುವಿನ ಜಾಗವನ್ನು ದನಿಗೆ ಬಿಟ್ಟುಕೊಡಿ, ಅಷ್ಟೇ. ನಿಮ್ಮ ಮಿಕ್ಸ್‌ನಲ್ಲಿ ಅಲ್ಲಿ ಸ್ನೇರ್, ಕ್ಲ್ಯಾಪ್, ಸಿಂತ್, ಡಿಸ್ಟಾರ್ಷನ್ ಗಿಟಾರ್ ಎಲ್ಲ ಸಂತೆ ನೆರೆದಿರುತ್ತವೆ. ವಾದ್ಯಗಳನ್ನೆಲ್ಲ ಒಂದು ಬಸ್ಸಿಗೆ (ಎಲ್ಲ ಒಟ್ಟುಗೂಡುವ ಚಾನೆಲ್ಲಿಗೆ) ಸೇರಿಸಿ, ಅದಕ್ಕೆ ಡೈನಾಮಿಕ್ ಈಕ್ಯೂ (ಬೇಕಾದಾಗ ಮಾತ್ರ ಆಯ್ದ ಆವರ್ತನ ತಗ್ಗಿಸುವ ಸಾಧನ) ಹಾಕಿ, ದನಿಯೇ ಅದನ್ನು ನಡೆಸುವಂತೆ ಸೈಡ್‌ಚೈನ್ ಮಾಡಿ, ಹಾಡುವಾಗ ಮಾತ್ರ ಆ ಭಾಗ 2ರಿಂದ 3 ಡೆಸಿಬೆಲ್ ತಗ್ಗುವಂತೆ ಮಾಡಿ. ಹಾಡು ನಿಂತ ಕೂಡಲೇ ವಾದ್ಯ ಮತ್ತೆ ಅರಳುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ದನಿಯ ಏರಿಳಿತ ತಗ್ಗಿಸುವ ಕಂಪ್ರೆಷನ್ನನ್ನು ಒಂದೇ ಏಟಿಗೆ 8 ಡೆಸಿಬೆಲ್ ಒತ್ತುವ ಬದಲು ಎರಡು ಹಂತದಲ್ಲಿ ಮೂರು-ನಾಲ್ಕರಂತೆ ಹಂಚಿ. ಅಟ್ಯಾಕ್, ಅಂದರೆ ಒತ್ತಲು ಶುರುಮಾಡುವುದು, ತೀರಾ ವೇಗವಾದರೆ ವ್ಯಂಜನದ ಮೂಗೇ ಕುಯ್ದುಹೋಗುತ್ತದೆ. ಸ-ಕಾರದ ಚುಚ್ಚು ತಗ್ಗಿಸುವ ಡಿ-ಎಸ್ಸರ್ ಸಹ ಅಳತೆಯಲ್ಲಿರಲಿ. ಸ ಹೆಚ್ಚು ಚುಚ್ಚುವುದು 5000ದಿಂದ 8000 ಹರ್ಟ್ಸ್ ಸುತ್ತ, ಶ ಇರುವುದು ಅದಕ್ಕಿಂತ ಕೆಳಗೆ. ಎರಡಕ್ಕೂ ಒಂದೇ ಕತ್ತರಿ ಹಾಕಿದರೆ ಹಾಡುವವರಿಗೆ ಹಲ್ಲು ಬಿದ್ದಂತೆ ಕೇಳುತ್ತದೆ.

ಪರೀಕ್ಷೆ ಸುಲಭ. ಮಳೆಯದ್ದೋ ಪಿಂಕ್ ನಾಯ್ಸಿನದ್ದೋ (ಮಳೆಯ ಹಾಗೆ ಮೊರೆಯುವ ಪರೀಕ್ಷೆಯ ಸದ್ದು) ಸದ್ದನ್ನು ಹಾಡಿನಷ್ಟೇ ಜೋರಾಗಿ ಇನ್ನೊಂದು ಸ್ಪೀಕರಿನಲ್ಲಿ ಹಾಕಿ. ಹಾಡು ಮುಂಚೆ ಕೇಳಿರದ ಒಬ್ಬರನ್ನು ಕೂರಿಸಿ, ಒಂದೇ ಸಲ ಕೇಳಿಸಿ, ಕೇಳಿದ ಸಾಲು ಬರೆಯಲು ಹೇಳಿ. ಹದಿನಾರು ಸಾಲಿನಲ್ಲಿ ಹದಿಮೂರು ಸರಿ ಬಂದರೆ ನಮ್ಮ ಲೆಕ್ಕದಲ್ಲಿ ಹಾಡು ಪಾಸು. ಎಂಜಿನಿಯರಿಂದಲೇ ಬರೆಸಬೇಡಿ; ಇನ್ನೂರು ಸಲ ಕೇಳಿದವರಿಗೆ ಕೇಳಿಸದ್ದೂ ಕೇಳುತ್ತದೆ.

ಆ ಕಂಬದ ಮೇಲಿನ ಸ್ಪೀಕರಿಗೂ ಒಂದು ಸ್ವಭಾವವಿದೆ. ಅಂಗೈ ಅಗಲದ ಡಬ್ಬಿ ಅದು, 100 ಹರ್ಟ್ಸ್‌ಗಿಂತ ಕೆಳಗೆ ಅದರಿಂದ ಹೆಚ್ಚೇನೂ ಹೊರಡುವುದಿಲ್ಲ. ನೀವು ಪ್ರೀತಿಯಿಂದ ಹಾಕಿದ 45 ಹರ್ಟ್ಸ್‌ನ 808 ಬೇಸು, ಅಂದರೆ ಡ್ರಮ್ ಯಂತ್ರದ ಆ ಆಳದ ಗುಡುಗು, ಇಲ್ಲಿ ಕೇಳುವುದೇ ಇಲ್ಲ. ಕೇಳದಿದ್ದರೆ ಹೋಗಲಿ, ಸದ್ದು ಮಿತಿ ಮೀರದಂತೆ ತಡೆಯುವ ಸ್ಪೀಕರಿನೊಳಗಿನ ಲಿಮಿಟರ್ ಆ ಕೇಳದ ಬೇಸಿಗೆ ಹೆದರಿ ಇಡೀ ಹಾಡನ್ನೇ ತಗ್ಗಿಸುತ್ತದೆ. ಪ್ರತಿ ಬೇಸಿನ ಹೊಡೆತಕ್ಕೂ ದನಿ ಬಾವಿಗೆ ಇಳಿದು ಹತ್ತುವುದು ಅದಕ್ಕೇ. 808ಗೆ ಸ್ವಲ್ಪ ಸ್ಯಾಚುರೇಷನ್ (ಹದವಾದ ಒರಟುತನ) ಕೊಟ್ಟು 90, 135, 180 ಹರ್ಟ್ಸ್‌ನ ಮೇಲಿನ ಹಾರ್ಮೋನಿಕ್‌ಗಳನ್ನು, ಅಂದರೆ ಮೂಲ ಸ್ವರದ ಎರಡು, ಮೂರು, ನಾಲ್ಕು ಪಟ್ಟನ್ನು, ಎಬ್ಬಿಸಿ. ಮೂಲ ಸ್ವರ ಇಲ್ಲದಿದ್ದರೂ ಮಿದುಳು ಅದನ್ನು ತಾನೇ ಊಹಿಸಿಕೊಳ್ಳುತ್ತದೆ. ದನಿಯನ್ನು 80-100 ಹರ್ಟ್ಸ್ ಕೆಳಗೆ ಕತ್ತರಿಸಿಬಿಡಿ.

ಇನ್ನೊಂದು, ಈ ಡಬ್ಬಿ ಮೋನೊ, ಎಡಬಲ ಎಂದು ಬೇರೆಯಿಲ್ಲ. ದನಿಯ ನಕಲನ್ನು 15-20 ಮಿಲಿಸೆಕೆಂಡ್ ತಡ ಮಾಡಿ ಎಡಬಲಕ್ಕೆ ಹಂಚಿ ‘ಅಗಲ’ ಮಾಡುತ್ತೀರಲ್ಲ, ಅದು ಹೆಡ್‌ಫೋನಿನಲ್ಲಿ ಸೊಗಸು. ಮೋನೊದಲ್ಲಿ ಆ ಎರಡು ನಕಲು ಒಂದನ್ನೊಂದು ಕಳೆದುಕೊಂಡು ದನಿ ಕೊಡಪಾನದೊಳಗಿಂದ ಬಂದಂತಾಗುತ್ತದೆ. ಮುಖ್ಯ ದನಿ ನಡುವೆ ಒಂದೇ ಇರಲಿ. ಅಗಲ ಬೇಕಿದ್ದರೆ ಅದೇ ಸಾಲನ್ನು ಇನ್ನೆರಡು ಸಲ ನಿಜವಾಗಿ ಹಾಡಿಸಿ ಎಡಕ್ಕೊಂದು ಬಲಕ್ಕೊಂದು ಇಡಿ. ಮಾಸ್ಟರ್ ಮೇಲೆ ಮೋನೊ ಬಟನ್ ಒತ್ತಿ ಒಮ್ಮೆ ಕೇಳಲು ಕಾಸು ಖರ್ಚಿಲ್ಲ.

ಜೋರಿನ ಪೈಪೋಟಿಯನ್ನೂ ಬಿಡಿ. ಸ್ಪಾಟಿಫೈ, ಯೂಟ್ಯೂಬ್ ಹಾಡುಗಳನ್ನು ಸುಮಾರು ಮೈನಸ್ 14 ಲಫ್ಸ್ (ಹಾಡಿನ ಜೋರಿನ ಅಳತೆ) ಮಟ್ಟಕ್ಕೆ ತರುತ್ತವೆ. ನೀವು ಮೈನಸ್ 7ಕ್ಕೆ ಒತ್ತಿ ಕೊಟ್ಟರೆ ಅವರು 7 ಡೆಸಿಬೆಲ್ ಇಳಿಸುತ್ತಾರೆ. ಜೋರು ಹೋಯಿತು, ಹಿಂಡಿದ ಸಿಪ್ಪೆ ಉಳಿಯಿತು. ಮೈನಸ್ 10ರಿಂದ 12ರ ಆಸುಪಾಸು, ಟ್ರೂ ಪೀಕ್ (ಸದ್ದು ಮುಟ್ಟುವ ತುತ್ತತುದಿ) ಮೈನಸ್ 1 ಇದ್ದರೆ ಪಾಪ್ ಹಾಡಿಗೆ ಬೇಕಾದಷ್ಟಾಯಿತು. ಆ ಪೀಕ್ ಅಂತರ ಇಲ್ಲಿ ಇನ್ನೂ ಮುಖ್ಯ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿಯುವಷ್ಟರಲ್ಲಿ ನೆಟ್‌ವರ್ಕ್ ಹತ್ತು ಸಲ ಸಾಯುತ್ತದೆ, ಹಾಗಾಗಿ ಜನ ಕಡಿಮೆ ಗುಣಮಟ್ಟಕ್ಕೆ ಇಟ್ಟುಕೊಂಡೇ ಕೇಳುತ್ತಾರೆ. ನಾಲ್ಕು ನಿಮಿಷದ ಹಾಡು 320 ಕೆಬಿಪಿಎಸ್‌ನಲ್ಲಿ 9.6 ಎಂಬಿ, 96ರಲ್ಲಿ 2.9 ಎಂಬಿ, 24ರಲ್ಲಿ ಮುಕ್ಕಾಲು ಎಂಬಿಯೂ ಇಲ್ಲ. ಅಷ್ಟು ಕೆಳಗೆ ಹೋದಾಗ ಮೇಲಿನ ಆವರ್ತನಗಳನ್ನು ಕೋಡೆಕ್ (ಹಾಡನ್ನು ಕುಗ್ಗಿಸಿ ಬಿಚ್ಚುವ ತಂತ್ರ) ಅಂದಾಜಿನ ಮೇಲೆ ಮರಳಿ ಕಟ್ಟುತ್ತದೆ. ಹೈಹ್ಯಾಟ್ ಮತ್ತು ಸ-ಶ ಎರಡೂ ಕಲಸಿ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗಾಗುತ್ತದೆ. ಹೈಹ್ಯಾಟನ್ನು ಎರಡು ಡೆಸಿಬೆಲ್ ತಗ್ಗಿಸಿ ನೋಡಿ. ಮಾಸ್ಟರನ್ನು ಒಮ್ಮೆ ಕಡಿಮೆ ಬಿಟ್‌ರೇಟಿಗೆ ಇಳಿಸಿ ಕೇಳದೆ ಕಳಿಸಬೇಡಿ.

ಆಲ್ಬಮ್ಮಿನ ಕಟ್ಟೋಣದ ಬಗ್ಗೆ ನಮ್ಮದು ನೇರ ಅಭಿಪ್ರಾಯ: ಹಾಡುಗಳು ಗಿಡ್ಡವಾದವು. 30 ಸೆಕೆಂಡ್ ಕೇಳಿದರೆ ಒಂದು ಎಣಿಕೆ ಎಂಬ ಸ್ಟ್ರೀಮಿಂಗ್ ಲೆಕ್ಕ ನಮಗೂ ಗೊತ್ತು. ಹಾಗೆಂದು ಪಲ್ಲವಿಯನ್ನು ನಾಲ್ಕು ಸಲ ತಿರುಗಿಸಿ ಎರಡೂ ಕಾಲು ನಿಮಿಷಕ್ಕೆ ಮುಗಿಸಿದರೆ ಎರಡನೆಯ ಚರಣ ಎಲ್ಲಿ ಹೋಯಿತು? ನಿಮಿಷಕ್ಕೆ 90 ಬೀಟಿನ ಹಾಡಿನಲ್ಲಿ 16 ಬಾರ್‌ನ ಒಂದು ಚರಣಕ್ಕೆ ಹಿಡಿಯುವುದು 43 ಸೆಕೆಂಡ್. ಕನ್ನಡದ ಹಾಡಿನಲ್ಲಿ ಕತೆ ತಿರುಗುವುದು ಸಾಮಾನ್ಯವಾಗಿ ಎರಡನೆಯ ಚರಣದಲ್ಲೇ. ಆ 43 ಸೆಕೆಂಡ್ ವಾಪಸು ಕೊಡಿ, ಬದಲಿಗೆ ಸ್ಪೆಡ್-ಅಪ್ ಆವೃತ್ತಿಯನ್ನು ನೀವೇ ಇಟ್ಟುಕೊಳ್ಳಿ. ಒಂದೂಕಾಲು ಪಟ್ಟು ಓಡಿಸಿದ ಹಾಡಿನ ಶ್ರುತಿ ಹೆಚ್ಚುಕಡಿಮೆ ನಾಲ್ಕು ಮನೆ ಮೇಲೆ ಹತ್ತುತ್ತದೆ, ಒತ್ತಕ್ಷರದ ಗತಿ ಹೇಳುವುದೇ ಬೇಡ. ಎಂಟು ಹಾಡಿನ ಆಲ್ಬಮ್ಮಿನಲ್ಲಿ ಆರನ್ನು ಮೊದಲೇ ಬಿಡಿಬಿಡಿಯಾಗಿ ಬಿಟ್ಟು, ಉಳಿದೆರಡಕ್ಕೆ ‘ಆಲ್ಬಮ್ ಬಿಡುಗಡೆ’ ಅನ್ನುವುದೂ ಬೇಡ. ಎರಡು ಬಿಡಿ, ಆರು ಇಟ್ಟುಕೊಳ್ಳಿ. ಗಟ್ಟಿ ಹಾಡುಗಳನ್ನೆಲ್ಲ ಮೊದಲ ಮೂರಕ್ಕೆ ತುರುಕಬೇಡಿ, ನಿದ್ದೆ ಕಾಡುವುದು ಏಳನೆಯ ಹಾಡಿನ ಹೊತ್ತಿಗೆ.

ಹೆಸರಿನ ವಿಚಾರ. ಭದ್ರಾವತಿ ಆಕಾಶವಾಣಿಯಲ್ಲಿ ಹಾಡಿಗೆ ಮುಂಚೆ ಸಾಹಿತ್ಯ, ಸಂಗೀತ, ಗಾಯನ ಎಂದು ಮೂರೂ ಹೆಸರು ಹೇಳುವ ಪದ್ಧತಿ ಕೇಳಿ ಬೆಳೆದ ಸೀಮೆ ಇದು. ಆ್ಯಪಿನಲ್ಲಿ ಸಾಹಿತ್ಯ ಬರೆದವರ ಹೆಸರು ಹುಡುಕಿದರೂ ಸಿಗುವುದಿಲ್ಲ. ಹಾಡನ್ನು ವಿತರಕರಿಗೆ ಕಳಿಸುವಾಗ ತುಂಬುವ ಫಾರಂನಲ್ಲಿ ಲಿರಿಸಿಸ್ಟ್, ಕಂಪೋಸರ್ ಎಂಬ ಖಾನೆಗಳಿವೆ. ಖಾಲಿ ಬಿಟ್ಟರೆ ಖಾಲಿಯೇ ಬರುತ್ತದೆ. ಹಾಡಿಗೆ ಅದರ ಗುರುತಿಗೆಂದು 12 ಅಕ್ಷರಗಳ ಐಎಸ್‌ಆರ್‌ಸಿ ಸಂಖ್ಯೆ ಪಡೆದ ಹಾಗೆಯೇ ಕವಿ ಮತ್ತು ಸಂಗೀತಗಾರರ ಹೆಸರಲ್ಲಿ ರಾಯಲ್ಟಿ ವಸೂಲಿ ಮಾಡಿಕೊಡುವ ಸಂಸ್ಥೆ ಐಪಿಆರ್‌ಎಸ್‌ನಲ್ಲಿ ಹಾಡು ನೋಂದಾಯಿಸಿ. 2012ರ ಕಾಪಿರೈಟ್ ತಿದ್ದುಪಡಿಯ ನಂತರ ರಾಯಲ್ಟಿಯಲ್ಲಿ ಸಮಪಾಲು ಅವರ ಹಕ್ಕು. ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲೂ ಹಾಕಿ. ಎಂ, ಎ, ಎಲ್, ಇ ಎಂದು ನಾಲ್ಕು ಇಂಗ್ಲಿಷ್ ಅಕ್ಷರ ಬರೆದರೆ ಅದು ಮಳೆಯೋ, ಮಲೆಯೋ, ಮಾಲೆಯೋ, ಗಂಡಸರ ಶೌಚಾಲಯದ ಬೋರ್ಡೋ ಯಾರಿಗೆ ಗೊತ್ತು?

‘ಮಲೆನಾಡು ಥೀಮ್’ ಹಾಡು ಮಾಡುವವರಿಗೆ ಪ್ರತ್ಯೇಕ ಮನವಿ. 253 ಮೀಟರ್ ಎತ್ತರದ ಜೋಗವನ್ನು ಡ್ರೋನಿನಲ್ಲಿ ತೋರಿಸಿದ ಮಾತ್ರಕ್ಕೆ ಹಾಡು ಮಲೆನಾಡಿನದ್ದಾಗುವುದಿಲ್ಲ. ಅದೂ ಜನವರಿಯ ಜೋಗವನ್ನು ಆಷಾಢದ ಹಾಡಿಗೆ ಹಚ್ಚಬೇಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಮಳೆಗಾಲ ಬಿಟ್ಟರೆ ಅಲ್ಲಿ ಕಾಣುವುದು ಹೆಚ್ಚಾಗಿ ಬಂಡೆ. ಮಳೆ ಹಿಡಿಯುವ ಮುಂಚೆ ಕಾಡಿನಲ್ಲಿ ಜೀರುಂಡೆ, ಹಿಡಿದ ಮೇಲೆ ಕಪ್ಪೆ. ಅದನ್ನು ಅದಲುಬದಲು ಮಾಡಿದರೆ ಇಲ್ಲಿನ ಮಕ್ಕಳೂ ನಗುತ್ತಾರೆ. ಮಳೆಯ ಸದ್ದು ಬೇಕಿದ್ದರೆ ಸ್ಯಾಂಪಲ್ ಪ್ಯಾಕಿನದ್ದು ಬಿಟ್ಟು ಹೆಂಚಿನ ಮನೆಯ ಜಗಲಿಯಲ್ಲಿ, ಸೂರಿನ ನೀರು ಬೀಳುವ ಗೆರೆಯಿಂದ ಎರಡು ಮೀಟರ್ ಒಳಗೆ ಮೈಕ್ ಇಟ್ಟು ಅಂಗಳಕ್ಕೆ ಮುಖ ಮಾಡಿ ಹಿಡಿಯಿರಿ. 150 ಹರ್ಟ್ಸ್ ಕೆಳಗೆ ಕತ್ತರಿಸಿ. ದನಿಗಿಂತ 20 ಡೆಸಿಬೆಲ್ ಆದರೂ ಕೆಳಗಿರಲಿ. ಹೊರಗೆ ಸುರಿಯುವ ಮಳೆ ಸಾಲದೆಂದು ಹಾಡಿನೊಳಗೂ ಸುರಿಸಿ ಮಾತು ಮುಳುಗಿಸುವವರಿದ್ದೀರಿ, ಅದಕ್ಕೇ ಇಷ್ಟು ಹೇಳಿದ್ದು.

ಶಿವಮೊಗ್ಗದ ಫ್ರೀಡಂ ಪಾರ್ಕಿನಂಥ (ಈಗಿನ ಅಲ್ಲಮಪ್ರಭು ಮೈದಾನ) ಬಯಲಿನಲ್ಲಿ ಕಾರ್ಯಕ್ರಮ ಕೊಡುವಾಗಲೂ ಇದೇ ಮಾತು. ವೇದಿಕೆಯಿಂದ 40 ಮೀಟರ್ ದೂರದಲ್ಲಿ ಎರಡನೆಯ ಸಾಲಿನ ಸ್ಪೀಕರ್ ಇಟ್ಟರೆ ಅದಕ್ಕೆ ಸುಮಾರು 115 ಮಿಲಿಸೆಕೆಂಡ್ ಡಿಲೇ ಬೇಕು, ಮೇಲೆ ಇನ್ನು ಹತ್ತು ಸೇರಿಸಿದರೆ ದನಿ ವೇದಿಕೆಯಿಂದಲೇ ಬಂದಂತಿರುತ್ತದೆ. ಹಾಕದಿದ್ದರೆ ಹಿಂದೆ ನಿಂತವರಿಗೆ ಪ್ರತಿ ಅಕ್ಷರವೂ ಎರಡು ಸಲ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂಬ ನಿಯಮವಿದೆ, ಸೌಂಡ್‌ಚೆಕ್ಕನ್ನು ಮಧ್ಯಾಹ್ನವೇ ಮುಗಿಸಿ.

ಕಡೆಗೊಂದು ವ್ಯವಹಾರದ ಮಾತು. ಮುಂದಿನ ಆಲ್ಬಮ್ಮನ್ನು ಕಾರ್ತೀಕದಲ್ಲಿ ಬಿಡಿ. ಅಷ್ಟರಲ್ಲಿ ಕೊನೆಕೊಯ್ಲು (ಅಡಿಕೆ ಗೊನೆ ಇಳಿಸುವ ಕೆಲಸ) ಭರದಲ್ಲಿರುತ್ತದೆ, ಚಪ್ಪರ ತುಂಬಿರುತ್ತದೆ. ಜೊತೆಗೆ ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಒಂದು ಪುಟಕ್ಕೆ ಇಳಿಸಿ ಹಾಕಿ. ತಲೆ ಎತ್ತಿ ‘ಎಂತ ಅಂದ ಅವ?’ ಅಂದವರಿಗೆ ಕೈ ಒಣಗಿದ್ದವರು ಓದಿ ಹೇಳುತ್ತಾರೆ.

ಇತಿ,
ತೀರ್ಥಹಳ್ಳಿ, ಹೊಸನಗರ, ಸಾಗರ ಸೀಮೆಯ ಕೇಳುಗರು